ಮಟನ್ ಸ್ಟ್ರೀಟಿನ ಜಪಾನಿ ಹೂದಾನಿ: ಮಾಲಿಗೆ ನಾಲ್ಕು ಸ್ಟಾರ್, ಅಂಗಡಿಗೆ ಎರಡು

ಮುಂಬೈಯ ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ, ಅಂದರೆ ಹಳೇ ಸಾಮಾನಿನ ಗಲ್ಲಿಗೆ, ಹೋದದ್ದು ಹಳೇ ಗಡಿಯಾರ ನೋಡೋದಕ್ಕೆ. ತಂದದ್ದು ಒಂಬತ್ತು ಇಂಚಿನ ಹೂದಾನಿ. ಅಂಗಡಿಯವನು ಹೇಳಿದ್ದು 14,000 ರೂಪಾಯಿ, ನಾನು ಕೊಟ್ಟದ್ದು 6,500. ಅಂಗಡಿ ಯಾವುದು ಅಂತ ಬರೆಯುವುದಿಲ್ಲ. ಆ ಗಲ್ಲಿಗೆ ನಾನು ಇನ್ನೂ ಹೋಗಬೇಕು.

ದೂರದಿಂದ ಪಿಂಗಾಣಿ ಅಂದುಕೊಂಡಿದ್ದೆ. ಆದರೆ ಮಾಟುಂಗದ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆ ಮುಂದೆ ಇಪ್ಪತ್ತೆಂಟು ವರ್ಷ ಕೂತವನಿಗೆ ಪಾತ್ರೆಯ ಸದ್ದು ಗೊತ್ತಾಗುತ್ತದೆ. ಉಗುರಿನಿಂದ ತಟ್ಟಿದೆ. ಲೋಹ. ಹೊಳಪಿನ ಲೇಪದ ಅಡಿಯಲ್ಲಿ ತಾಮ್ರ.

ತಾಮ್ರದ ಮೇಲೆ ಬಣ್ಣದ ಗಾಜು ಕರಗಿಸಿ ಕೂರಿಸುವ ಈ ಕೆಲಸವನ್ನು ಜಪಾನಿನಲ್ಲಿ ಶಿಪ್ಪೋ ಅನ್ನುತ್ತಾರೆ, ಏಳು ರತ್ನ ಅಂತ ಅರ್ಥ. ನಮ್ಮ ಮೀನಾ ಕೆಲಸದ ದಾಯಾದಿ. ಮೀನಾದಲ್ಲಿ ಲೋಹವನ್ನು ಕೆತ್ತಿ ಗುಂಡಿ ಮಾಡಿ ಬಣ್ಣ ತುಂಬುತ್ತಾರೆ. ಇಲ್ಲಿ ಕೆತ್ತನೆ ಇಲ್ಲ, ಬೇಲಿ. ಸಪೂರದ ತಂತಿಯನ್ನು ತಾಮ್ರದ ಮೇಲೆ ನಿಲ್ಲಿಸಿ ಚಿತ್ರದ ಗೆರೆ ಹಾಕುತ್ತಾರೆ. ನಡುವಿನ ಜಾಗಕ್ಕೆ ಬಣ್ಣದ ಗಾಜಿನ ಪುಡಿ ತುಂಬಿ, ಸುಮಾರು 800 ಡಿಗ್ರಿಯಲ್ಲಿ ಸುಡುತ್ತಾರೆ. ಪುಡಿ ಕರಗಿ ತಗ್ಗಿಹೋಗುತ್ತದೆ. ಮತ್ತೆ ತುಂಬಬೇಕು, ಮತ್ತೆ ಸುಡಬೇಕು. ಆಮೇಲೆ ತಂತಿ ಕಾಣುವ ತನಕ ಉಜ್ಜಬೇಕು. ನನ್ನದರಲ್ಲಿ ಕಡುನೀಲಿ ಮೈ, ಬಿಳಿ ಸೇವಂತಿಗೆ. ಒಂದೊಂದು ಎಸಳಿಗೂ ಬೇರೆ ಬೇರೆ ತಂತಿ! ಒಳಗೂ ಗಾಜಿನ ಲೇಪ ಇದೆ. ಅದು ಚಂದಕ್ಕಲ್ಲ. ಒಂದೇ ಬದಿಗೆ ಹಚ್ಚಿದರೆ ತಣಿಯುವಾಗ ಎಳೆತ ಹೆಚ್ಚುಕಡಿಮೆಯಾಗಿ ಗಾಜು ಬಿರಿಯುತ್ತದೆ.

ಈ ವಿದ್ಯೆಗೆ ಜಪಾನಿನಲ್ಲಿ ಮರುಜೀವ ಬಂದದ್ದು 1830ರ ದಶಕದಲ್ಲಿ. ನಗೋಯಾ ಕಡೆಯ ಕಾಜಿ ತ್ಸುನೆಕಿಚಿ ವಿದೇಶದಿಂದ ಬಂದ ಒಂದು ತಟ್ಟೆಯನ್ನು ಒಡೆದು ನೋಡಿಯೇ ಕೆಲಸ ಕಲಿತನಂತೆ. ನಮ್ಮ ಹೋಟೆಲಿನ ಗ್ರೈಂಡರ್ ಬಿಚ್ಚಿದ ಹುಡುಗನಿಗೆ ಆ ಭಾಗ್ಯ ಬರಲಿಲ್ಲ, ಬೈಗುಳ ಬಂತು.

"ಸಾಬ್, ಇದು ನಮಿಕಾವಾ ಮಾಡಿದ್ದು" ಅಂದ ಅಂಗಡಿಯವನು. ಯಾವ ನಮಿಕಾವಾ ಅಂತ ಕೇಳಿದೆ. ಆ ಹೆಸರಿನ ಇಬ್ಬರು ದೊಡ್ಡ ಕುಶಲಿಗರಿದ್ದರು, ಸಂಬಂಧಿಕರೂ ಅಲ್ಲ. ಕ್ಯೋಟೋದ ಯಾಸುಯುಕಿ ತಂತಿಯಲ್ಲೇ ಪವಾಡ ಮಾಡಿದವರು. ಟೋಕಿಯೋದ ಸೋಸುಕೆ ತಂತಿಯೇ ಕಾಣದ ಹಾಗೆ ಮಾಡಿ ಹೆಸರಾದವರು. 1896ರಲ್ಲಿ ಇಬ್ಬರಿಗೂ ಅರಮನೆಯ ಕಲಾವಿದರ ಪಟ್ಟ ಸಿಕ್ಕಿತು. ಅಂಗಡಿಯವನು ಸ್ವಲ್ಪ ಯೋಚಿಸಿ, "ಬಡಾವಾಲಾ", ದೊಡ್ಡವನು, ಅಂದ. ತಳದಲ್ಲಿ ಒಂದು ಗುರುತೂ ಇಲ್ಲ. ನಕ್ಕುಬಿಟ್ಟೆ. ಆ ನಗುವಿಗೇ ಎರಡು ಸಾವಿರ ಇಳಿಯಿತು ಅನ್ನಿ.

ನಗು ಮನೆ ತನಕ. ರಾತ್ರಿ ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದೆ. ಹೂದಾನಿಯ ಹೆಗಲಿನ ಹತ್ತಿರ ಹೆಬ್ಬೆರಳಿನಷ್ಟು ಜಾಗ ಹೊಳೆಯುತ್ತಿಲ್ಲ. ಸೂಜಿ ತಾಗಿಸಿದರೆ ಇಳಿಯಿತು: ಮೇಣ, ಮೇಲೆ ನೀಲಿ ಬಣ್ಣ! ಎಂದೋ ಬಿದ್ದು ಗಾಜು ಹಾರಿದೆ. ಒಡೆದ ಶಿಪ್ಪೋವನ್ನು ಮತ್ತೆ ಕುಲುಮೆಗೆ ಹಾಕುವುದು ಅಂದರೆ ಉಳಿದದ್ದನ್ನೂ ಪಣಕ್ಕಿಟ್ಟ ಹಾಗೆ. ಹಾಗಾಗಿ ಮೇಣ ತುಂಬಿದ್ದು ತಪ್ಪಲ್ಲ. ಹೇಳದೇ ಮಾರಿದ್ದು ತಪ್ಪು. ಫೋನ್ ಮಾಡಿದರೆ "ಪುರಾನಾ ಮಾಲ್, ವಾಪಸ್ ನಹೀ" ಅಂದ.

ಈಗ ಆ ಬದಿಯನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದೇನೆ. ನನ್ನ ಹೆಂಡತಿ ಪ್ಲಾಸ್ಟಿಕ್ ಹೂ ಸಿಗಿಸಲು ನೋಡಿದಳು, ಜಗಳ ಮಾಡಿ ತಪ್ಪಿಸಿದೆ. ಇಂಥವನ್ನು ಜಾಸ್ತಿಯಾಗಿ ಜೋಡಿಯಲ್ಲೇ ಮಾಡುತ್ತಿದ್ದರಂತೆ. ಶನಿವಾರ ಮತ್ತೆ ಹೋಗುತ್ತೇನೆ, ಜೇಬಿನಲ್ಲಿ ಸೂಜಿ ಇಟ್ಟುಕೊಂಡು.