ವಿಜಯಪುರದಲ್ಲಿ ಸೋಲಾರ್ ಎಎಂಸಿ: ಬರೀ ತೊಳೆಯೋದಕ್ಕೆ ದುಡ್ಡು ಕೊಡಬೇಡಿ

ತಿಕೋಟಾ ಕಡೆ ನಮ್ಮದು ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್. ಶೆಡ್ಡಿನ ಮೇಲೆ 100 ಕಿಲೋವ್ಯಾಟ್ ಸೋಲಾರ್ ಇದೆ, ಹೆಸ್ಕಾಂ ನೆಟ್ ಮೀಟರ್ ಇದೆ. ಪ್ಲಾಂಟ್ ಹಾಕಿದವರ ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ) ಬಿಟ್ಟು ವಿಜಯಪುರದ ಒಂದು ಸಣ್ಣ ತಂಡಕ್ಕೆ ಕೆಲಸ ಕೊಟ್ಟು ವರ್ಷ ದಾಟಿತು.

ಹಳೆಯವರು ಬಂದರೆ ತೊಳೆದು ಹೋಗೋದಷ್ಟೇ. ಅದೂ ಮಟಮಟ ಮಧ್ಯಾಹ್ನ, ಕಾದ ಗಾಜಿನ ಮೇಲೆ ಬೋರ್‌ವೆಲ್ಲಿನ ಸವಳು ನೀರು. ಆರಿದ ಮೇಲೆ ಬಿಳಿ ಕಲೆ ಕೂರುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಪೂರ್ತಿ ಹೋಗಲ್ಲ. ಪ್ಯಾನಲ್ ತುಳಿದುಕೊಂಡೇ ಓಡಾಡುತ್ತಿದ್ದರು. ಹಾಗೆ ತುಳಿದರೆ ಒಳಗಿನ ಸೆಲ್ ಸೀಳಬಹುದು, ಮೇಲಿಂದ ಏನೂ ಕಾಣಲ್ಲ.

ಈಗಿನವರು ಬಿಸಿಲೇರುವ ಮುಂಚೆಯೇ ತೊಳೆದು ಮುಗಿಸುತ್ತಾರೆ. ಆರ್‌ಓ ನೀರು, ಉದ್ದ ಕೋಲಿನ ಮೆತ್ತನೆ ಬ್ರಶ್. ಜೋಳದ ರಾಶಿ ನಡೆಯುವಾಗ ನಮ್ಮ ಕಡೆ ಧೂಳು ಹೇಗಿರುತ್ತೆ ಗೊತ್ತಲ್ವಾ, ಆಗ ಜಾಸ್ತಿ ಸಲ ಬರುತ್ತಾರೆ, ಮಳೆಗಾಲದಲ್ಲಿ ಕಡಿಮೆ.

ಆದರೆ ನಾನು ದುಡ್ಡು ಕೊಡೋದು ತೊಳೆದಾದ ಮೇಲಿನ ಕೆಲಸಕ್ಕೆ. ಬಿಸಿಲು ಚೆನ್ನಾಗಿ ಏರಿದಾಗ ಡಿಸಿ ಕ್ಲ್ಯಾಂಪ್ ಮೀಟರ್ ಹಿಡಿದು ಒಂದೊಂದೇ ಸ್ಟ್ರಿಂಗಿನ (ಒಂದಕ್ಕೊಂದು ಸರಣಿಯಾಗಿ ಜೋಡಿಸಿದ ಪ್ಯಾನಲ್ ಸಾಲು) ಕರೆಂಟ್ ಬರೆದುಕೊಳ್ಳುತ್ತಾರೆ. ಒಂದೇ ದಿಕ್ಕಿಗಿರುವ, ಒಂದೇ ತರದ ಪ್ಯಾನಲ್ ಅಷ್ಟಷ್ಟೇ ಇರುವ ಸ್ಟ್ರಿಂಗ್‌ಗಳಲ್ಲಿ ಕರೆಂಟ್ ಹೆಚ್ಚೂ ಕಡಿಮೆ ಸಮ ಇರಬೇಕು, ಒಂದರಲ್ಲಿ ಇಳಿದಿದ್ದರೆ ಅಲ್ಲಿ ಏನೋ ಆಗಿದೆ ಅಂತಲೇ ಲೆಕ್ಕ. ಆಮೇಲೆ ಎಲ್ಲಿ ಬಿಸಿ ಜಾಸ್ತಿ ಅಂತ ತೋರಿಸುವ ಥರ್ಮಲ್ ಕ್ಯಾಮೆರಾ. ಮೋಡ ಇದ್ದರೆ ಅದನ್ನು ಹೊರಗೇ ತೆಗೆಯಲ್ಲ, ಇನ್ನೊಂದು ದಿನ ಬರುತ್ತಾರೆ. ಚದರ ಮೀಟರಿಗೆ 600 ವ್ಯಾಟ್‌ನಷ್ಟಾದರೂ ಬಿಸಿಲು ಇಲ್ಲದಿದ್ದರೆ ಆ ಫೋಟೋ ನಂಬುವ ಹಾಗಿಲ್ಲ.

ಮೊದಲ ಸಲವೇ ಶೆಡ್ಡಿನ ಅಂಚಿನಲ್ಲಿ, ಸ್ಟ್ರಿಂಗ್ ಮುಗಿಯುವ ಕಡೆ, ಒಂದು ಎಂಸಿ4 ಕನೆಕ್ಟರ್ (ಪ್ಯಾನಲ್ ವೈರು ಜೋಡಿಸುವ, ಎರಡು ಭಾಗದ ಪ್ಲಗ್) ಸಿಕ್ಕಿತು. ಕ್ಯಾಮೆರಾದಲ್ಲಿ ಅಕ್ಕಪಕ್ಕದವೆಲ್ಲ ನೀಲಿ, ಇದೊಂದು ಬೆಳ್ಳಗೆ ಹೊಳೆಯುತ್ತಿತ್ತು. "ಎರಡೂ ಬ್ಯಾರೆ ಬ್ಯಾರೆ ಕಂಪನೀವು ಅದಾವ ನೋಡ್ರಿ ಸರ" ಅಂದ ಹುಡುಗ. ಕೂತಂತೆ ಕಾಣುತ್ತದೆ, ಒಳಗೆ ಪಿನ್ ಸರಿಯಾಗಿ ಹಿಡಿದಿರಲ್ಲ. ಬಿಸಿಯಾಗಿ ಬಿಸಿಯಾಗಿ ಪ್ಲಾಸ್ಟಿಕ್ ಕಂದು ತಿರುಗಿ, ಬಾಯಿ ಸೊಟ್ಟಗಾಗಿತ್ತು. ಅವನು ಸುಮ್ನೆ ಎಳೆಯಲಿಲ್ಲ. ಮೊದಲು ಇನ್ವರ್ಟರ್ ನಿಲ್ಲಿಸಿದ, ಡಿಸಿ ಐಸೊಲೇಟರ್ ಆಫ್ ಮಾಡಿದ, ಕರೆಂಟ್ ಸೊನ್ನೆ ಅಂತ ಮೀಟರಿನಲ್ಲಿ ನೋಡಿ ಆಮೇಲೆ ಬಿಡಿಸಿದ. ಕರೆಂಟ್ ಹರಿಯುತ್ತಿರುವಾಗ ಬಿಚ್ಚಿದರೆ ಡಿಸಿಯಲ್ಲಿ ಹೊತ್ತುವ ಕಿಡಿ ಎಸಿಯ ಹಾಗೆ ಬೇಗ ಆರಲ್ಲ. ಕೆಳಗೆ ಪಫ್ (ಫೋಮ್ ತುಂಬಿದ) ಗೋಡೆ, ರಟ್ಟಿನ ಬಾಕ್ಸು, ರೈತರು ಒಳ್ಳೆ ರೇಟಿಗೆ ಕಾದು ಇಟ್ಟ ಮಾಲು. ಅಲ್ಲಿಗೆ ಬೆಂಕಿ ಬಿದ್ದಿದ್ದರೆ ಯಾರಿಗೆ ಏನು ಹೇಳೋದು? ಎಷ್ಟು ತೊಳೆದಿದ್ದರೂ ಈ ತೊಂದರೆ ಕಾಣುತ್ತಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ಅರ್ಥಿಂಗ್ ಅಳೆಯುತ್ತಾರೆ. ನಮ್ಮ ಎರೆ ಭೂಮಿ ಬೇಸಿಗೆಯಲ್ಲಿ ಬಿರಿದು ಒಣಗುತ್ತದೆ, ಅರ್ಥಿಂಗ್ ಗುಂಡಿಯಲ್ಲಿ ಹಸಿ ಉಳಿಯದಿದ್ದರೆ ರೆಸಿಸ್ಟೆನ್ಸ್ ಏರುತ್ತದೆ. ಸಿಡಿಲಿನ ಕಾಲಕ್ಕೆ ಇದು ಸರಿ ಇರಲೇಬೇಕು. ಸಿಡಿಲಿನ ಹೊಡೆತ ತಡೆಯುವ ಎಸ್‌ಪಿಡಿಯ ಗುರುತು ಹಸಿರಿದೆಯಾ ಕೆಂಪಾಗಿದೆಯಾ ನೋಡುತ್ತಾರೆ, ಕ್ಲ್ಯಾಂಪ್ ಬೋಲ್ಟ್ ಬಿಗಿ ಮಾಡುತ್ತಾರೆ, ಇನ್ವರ್ಟರ್ ಫ್ಯಾನಿನ ಧೂಳು ತೆಗೆಯುತ್ತಾರೆ.

ದರ ಹಳೆಯವರಿಗಿಂತ ಜಾಸ್ತಿಯೇ, ನನಗೆ ಅದರ ಬಗ್ಗೆ ಬೇಸರ ಇಲ್ಲ. ಬೇಸರ ಬೇರೆ ಇದೆ. ಇರೋದು ನಾಲ್ಕೇ ಹುಡುಗರು, ಸೀಸನ್ನಿನಲ್ಲಿ ಫೋನ್ ಮಾಡಿದರೆ ಬರೋದು ತಡ. ಬಿಡಿಭಾಗದ ರೇಟು ಒಪ್ಪಂದದಲ್ಲಿ ಬರೆದಿಲ್ಲ. ಇನ್ನೊಂದು ಇದಕ್ಕಿಂತ ದೊಡ್ಡದು: ಶುರುವಿನಲ್ಲಿ ಶೀಟಿನ ಅಂಚಿನಲ್ಲಿ ಸೇಫ್ಟಿ ಬೆಲ್ಟ್ ಇಲ್ಲದೆ ಓಡಾಡುತ್ತಿದ್ದರು. ಬೆಲ್ಟ್ ಹಾಕದೆ ಮೇಲೆ ಹತ್ತಲು ಬಿಡಲ್ಲ ಅಂತ ಮಾಲೀಕರಿಗೆ ನೇರವಾಗಿ ಹೇಳಿದೆ, ಈಗ ಹಾಕುತ್ತಾರೆ. ಇದನ್ನು ನಾನು ಹೇಳಬೇಕಾಗಿ ಬರಬಾರದಿತ್ತು.

ನೀವು ಯಾರಿಗೇ ಎಎಂಸಿ ಕೊಟ್ಟರೂ ಸಹಿ ಹಾಕುವ ಮುಂಚೆ ಒಂದು ಮಾತು ಕೇಳಿ: ಸ್ಟ್ರಿಂಗ್ ಕರೆಂಟ್, ಥರ್ಮಲ್ ಫೋಟೋ, ಇನ್ಸುಲೇಶನ್ (ವೈರಿನಿಂದ ಕರೆಂಟ್ ಸೋರುತ್ತಿಲ್ಲವಾ ಅನ್ನೋ ಪರೀಕ್ಷೆ), ಅರ್ಥಿಂಗ್, ಇಷ್ಟರ ರೀಡಿಂಗ್ ಪ್ರತಿ ಸಲ ಕೊಡುತ್ತೀರಾ? ಹೂಂ ಅಂದರೆ ಬೇರೆ ಸೈಟಿನ ಹಳೆ ರಿಪೋರ್ಟ್ ತೋರಿಸಲು ಹೇಳಿ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದಿದ್ದು ಬೆಲ್ಟಿನ ವಿಷಯಕ್ಕೆ.