ಮಲ್ಪೆಯ ಉಪ್ಪುಗಾಳಿಯಲ್ಲಿ ಮೂರು ಮಳೆಗಾಲ ಕಂಡ ಡೈಎಲೆಕ್ಟ್ರಿಕ್ ಗ್ರೀಸ್

ನಮ್ಮ ಮನೆ ಮಲ್ಪೆಯಲ್ಲಿ, ಕಡಲಿಗೆ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಇಲ್ಲಿ ಬೈಕನ್ನು ಹಾಳು ಮಾಡುವುದು ಮಳೆ ಮಾತ್ರ ಅಲ್ಲ, ಉಪ್ಪುಗಾಳಿ ಬೇಸಿಗೆಯಲ್ಲೂ ಬಿಡುವುದಿಲ್ಲ. 2022ರ ಜುಲೈಯಲ್ಲಿ ಒಂದು ರಾತ್ರಿ ಹೆಡ್‌ಲೈಟ್ ಮಿಣುಕಿ ಆರಿಹೋಯಿತು. ಬಲ್ಬ್ ಬದಲಿಸಿದರೂ ಹೊತ್ತಲಿಲ್ಲ. ವೈರ್‌ಗಳನ್ನು ಜೋಡಿಸುವ ಕಪ್ಲರ್ ಬಿಚ್ಚಿದರೆ ಪಿನ್ನುಗಳ ಮೇಲೆಲ್ಲ ಹಸಿರು ಕಿಲುಬು. "ಇದಕ್ಕೆ ಡೈಎಲೆಕ್ಟ್ರಿಕ್ ಗ್ರೀಸ್ ಹಾಕಿ ಮಾರಾಯ್ರೆ" ಅಂದರು ಮೆಕ್ಯಾನಿಕ್.

ಇದು ಸಿಲಿಕೋನ್ ಗ್ರೀಸ್. ಕರೆಂಟ್ ಹರಿಸುವುದಿಲ್ಲ. ಮತ್ತೆ ಕನೆಕ್ಷನ್ ಹೇಗೆ ಸಿಗುತ್ತದೆ ಅಂತ ನನಗೂ ಅನುಮಾನ ಇತ್ತು. ಪಿನ್ ಬಿಗಿಯಾಗಿ ಕೂರುವಾಗ, ಲೋಹಕ್ಕೆ ಲೋಹ ತಾಗುವ ಜಾಗದಿಂದ ಗ್ರೀಸ್ ಪಕ್ಕಕ್ಕೆ ಸರಿಯುತ್ತದೆ. ಸುತ್ತ ಉಳಿದದ್ದು ನೀರನ್ನೂ ಗಾಳಿಯನ್ನೂ ತಡೆಯುತ್ತದೆ. ಹಾಗಾಗಿ ಸಡಿಲ ಪಿನ್ನಿಗೆ ಇದು ಮದ್ದಲ್ಲ, ಮೊದಲು ಬಿಗಿ ಮಾಡಿಸಬೇಕು.

ಮೊದಲ ಸಲ ನಾನು ತಪ್ಪು ಮಾಡಿದೆ. ಹಾರ್ನ್, ಇಂಡಿಕೇಟರ್ ಕಪ್ಲರ್‌ಗಳಲ್ಲಿ ತೇವ ಇರುವಾಗಲೇ, ಕಿಲುಬಿನ ಮೇಲೆಯೇ ಗ್ರೀಸ್ ತುಂಬಿದೆ. ಎರಡೇ ತಿಂಗಳಲ್ಲಿ ಹಾರ್ನ್ ನಿಂತಿತು. ಮುಚ್ಚಿದ ಗ್ರೀಸ್ ತೇವವನ್ನೂ ಒಳಗೇ ಹಿಡಿದಿಟ್ಟಿತ್ತು.

2023ರ ಮೇಯಲ್ಲಿ, ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲಿನ ದಿನವಾದ ಪತ್ತನಾಜೆಗೆ ಮೊದಲೇ, ಎಲ್ಲ ಕಪ್ಲರ್ ಬಿಚ್ಚಿದೆ. ಬ್ಯಾಟರಿ ವೈರ್ ತೆಗೆದಿಟ್ಟು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಬಿಸಿಲಲ್ಲಿ ಒಣಗಿಸಿ, ಆಮೇಲೆ ತೆಳ್ಳಗೆ ಸವರಿದೆ. ರಬ್ಬರ್ ಸೀಲಿಗೂ ಸವರಿದೆ. ಅಲ್ಲಿಂದ ಮೂರು ಮಳೆಗಾಲ ಆಯಿತು. ಒಂದು ಕಪ್ಲರ್ ಕೂಡ ಕೈಕೊಟ್ಟಿಲ್ಲ. ಮೂರನೇ ಮಳೆ ಮುಗಿದ ಮೇಲೆ ಹೆಡ್‌ಲೈಟಿನದ್ದು ಬಿಚ್ಚಿ ನೋಡಿದೆ, ಪಿನ್ನುಗಳು ಹೊಳೆಯುತ್ತಿದ್ದವು. ನನಗೆ ತುಂಬಾ ಸಮಾಧಾನ ಆಯಿತು.

ತೊಂದರೆಯೂ ಇದೆ. ಕೈಗೆ ಹತ್ತಿದರೆ ಸೋಪಿಗೆ ಸುಲಭವಾಗಿ ಹೋಗುವುದಿಲ್ಲ. ತೆರೆದ ಟರ್ಮಿನಲ್ ಮೇಲೆ ಧೂಳು ಅಂಟಿಸಿಕೊಳ್ಳುತ್ತದೆ. ಇನ್ನೊಂದು ಮುಖ್ಯ ವಿಷಯ: ಸ್ವಿಚ್, ರಿಲೇ (ಕರೆಂಟಿನಿಂದಲೇ ನಡೆಯುವ ಸ್ವಿಚ್) ಒಳಗೆ ಇದನ್ನು ಹಾಕಲೇಬೇಡಿ. ಅಲ್ಲಿ ಕಿಡಿ ಹಾರುತ್ತದೆ. ಆ ಬಿಸಿಗೆ ಸಿಲಿಕೋನ್ ಗಾಜಿನಂಥ ಪದರವಾಗಿ ಕರೆಂಟನ್ನೇ ತಡೆಯಬಹುದು.

ಪೆಟ್ರೋಲಿಯಂ ಜೆಲ್ಲಿ ಸಾಲದಾ ಅಂತ ತುಂಬಾ ಜನ ಕೇಳುತ್ತಾರೆ. ಬ್ಯಾಟರಿ ಟರ್ಮಿನಲ್‌ಗೆ ಸಾಕು, ನಾನೂ ಅದನ್ನೇ ಹಚ್ಚುತ್ತೇನೆ. ಎಂಜಿನ್ ಪಕ್ಕದ ಕಪ್ಲರ್‌ಗೆ ಮಾತ್ರ ಬೇಡ. ಬಿಸಿಗೆ ಕರಗಿ ಇಳಿಯುತ್ತದೆ, ಕೆಲವು ಬಗೆಯ ರಬ್ಬರ್ ಸೀಲ್‌ಗಳನ್ನು ಉಬ್ಬಿಸುತ್ತದೆ.

ತೆಳ್ಳಗೆ ಹಚ್ಚಿದರೆ ಒಂದು ಟ್ಯೂಬ್ ತುಂಬಾ ದಿನ ಬರುತ್ತದೆ. ನನ್ನದರಲ್ಲಿ ಇನ್ನೂ ಅರ್ಧ ಉಳಿದಿದೆ. ಬರುವ ಮೇಯಲ್ಲಿ ಅಣ್ಣನ ರಿಕ್ಷಾಕ್ಕೂ ಹಚ್ಚಬೇಕು.