ಬಟರ್‌ಕ್ರೀಮ್ ಗುಲಾಬಿಗೆ 104ರ ನಾಝಲ್ ಮತ್ತು ಫ್ಲವರ್ ನೇಲ್: ದೀರ್ಘ ಬಳಕೆಯ ನಂತರದ ಅಭಿಪ್ರಾಯ

ಕೇಕಿನ ಮೇಲೆ ಬಟರ್‌ಕ್ರೀಮಿನ ಗುಲಾಬಿ ಅರಳಿಸಲು ಕಲಿಯಬೇಕೆನ್ನುವವರಿಗೆ ಅಂಗಡಿಯವರು ಸಾಮಾನ್ಯವಾಗಿ ತೋರಿಸುವುದು ನಾಝಲ್‌ಗಳ, ಅಂದರೆ ಕ್ರೀಮು ತುಂಬುವ ಪೈಪಿಂಗ್ ಬ್ಯಾಗಿನ ತುದಿಗೆ ಸಿಕ್ಕಿಸುವ ಲೋಹದ ಮೂತಿಗಳ, ದೊಡ್ಡ ಸೆಟ್ಟನ್ನು. ಅದರಲ್ಲಿ ಬಹುಪಾಲು ಡಬ್ಬಿಯಲ್ಲೇ ಉಳಿಯುತ್ತದೆ. ದಾವಣಗೆರೆಯ ನಮ್ಮ ಅಡುಗೆಮನೆಯಲ್ಲಿ ಬಹುಕಾಲದಿಂದ ನಿಜವಾಗಿ ದುಡಿಯುತ್ತಿರುವವು ಎರಡೇ ಸಾಮಾನುಗಳು: ಬಿಡಿಯಾಗಿ ಕೊಂಡ, ಎಸಳು ಮೂಡಿಸುವ 104ನೇ ಸಂಖ್ಯೆಯ ನಾಝಲ್ ಮತ್ತು ಒಂದೂವರೆ ಇಂಚು ತಲೆಯ ಫ್ಲವರ್ ನೇಲ್, ಅಂದರೆ ಬೆರಳುಗಳ ನಡುವೆ ತಿರುಗಿಸುತ್ತಾ ಹೂವು ಕಟ್ಟಲು ಬಳಸುವ ಚಪ್ಪಟೆ ತಲೆಯ ಮೊಳೆ.

104ರ ಬಾಯಿ ಒಂದು ತುದಿಯಲ್ಲಿ ಅಗಲವಾಗಿಯೂ ಇನ್ನೊಂದು ತುದಿಯಲ್ಲಿ ಕಿರಿದಾಗಿಯೂ ಇರುತ್ತದೆ. ಅಗಲದ ತುದಿಯನ್ನು ಕೆಳಗಿರಿಸಿ, ಕಿರಿದಾದುದನ್ನು ಮೇಲಕ್ಕೆ ಹಿಡಿದು ಒತ್ತಿದಾಗ ಎಸಳಿನ ಬುಡ ಗಟ್ಟಿಯಾಗಿ, ಅಂಚು ತೆಳುವಾಗಿ ಬರುತ್ತದೆ. ಸೆಟ್ಟಿನಲ್ಲಿ ಬಂದಿದ್ದ ಇದೇ ಸಂಖ್ಯೆಯ ನಾಝಲ್‌ನಲ್ಲಿ ಎರಡೂ ತುದಿಗಳು ಹೆಚ್ಚುಕಡಿಮೆ ಒಂದೇ ಅಗಲವಿದ್ದುದರಿಂದ ಎಸಳುಗಳ ಅಂಚು ದಪ್ಪವಾಗುತ್ತಿತ್ತು. ಕೆಲವು ತಿಂಗಳಲ್ಲಿ ಅದರ ಬೆಸುಗೆಯೂ ಬಿಟ್ಟುಕೊಂಡು, ಕ್ರೀಮು ಪಕ್ಕದಿಂದ ಜಿನುಗತೊಡಗಿತು. ಬೆಸುಗೆಯಿಲ್ಲದ ಸ್ಟೇನ್‌ಲೆಸ್ ಸ್ಟೀಲಿನ ಬಿಡಿ ನಾಝಲ್ ಇಂದಿಗೂ ಆಕಾರ ಕೆಡಿಸಿಕೊಂಡಿಲ್ಲ, ತುಕ್ಕೂ ಹಿಡಿದಿಲ್ಲ.

ಹೂವಿನ ಕ್ರಮ ಹೀಗಿದೆ: ನೇಲ್‌ನ ತಲೆಗೆ ತುಸು ಕ್ರೀಮು ಹಚ್ಚಿ ಬಟರ್ ಪೇಪರಿನ ಚೌಕವನ್ನು ಅಂಟಿಸಬೇಕು, ಅದರ ಮೇಲೆ ನಾಝಲ್ ಬಾಯಿಯ ಒಂದೂವರೆ ಪಟ್ಟು ಎತ್ತರದ ಕ್ರೀಮಿನ ಶಂಕುವನ್ನು ನಿಲ್ಲಿಸಿ, ತುದಿಗೆ ಮೊಗ್ಗನ್ನು ಸುತ್ತಿ, ಅದರ ಸುತ್ತ ಮೊದಲು ಮೂರು, ಆಮೇಲೆ ಐದು, ಕೊನೆಗೆ ಏಳು ಎಸಳುಗಳನ್ನು ಒಂದರ ಮೇಲೊಂದು ತುಸು ಹಾಯುವಂತೆ ಇಡುತ್ತಾ ಹೋಗಬೇಕು. ಹೊರಗಿನ ಸಾಲಿಗೆ ಹೋದಂತೆ ನಾಝಲ್ ಹೊರಕ್ಕೆ ಬಾಗಬೇಕು. ಎಲ್ಲಕ್ಕಿಂತ ನಿಧಾನವಾಗಿ ಕೈಗೆ ಬರುವುದು ಎಡಗೈ ಬೆರಳುಗಳ ನಡುವೆ ನೇಲ್ ತಿರುಗುವ ವೇಗ: ತಿರುವು ತಡವಾದರೆ ಎಸಳು ಸುಕ್ಕುಗಟ್ಟುತ್ತದೆ, ಅವಸರವಾದರೆ ತುಂಡಾಗುತ್ತದೆ. ಎಡಚರು ನೇಲನ್ನು ಬಲಗೈಯಲ್ಲಿ ಹಿಡಿದು ವಿರುದ್ಧ ದಿಕ್ಕಿಗೆ ತಿರುಗಿಸಬೇಕು.

ಸಲಕರಣೆ ಎಷ್ಟೇ ಚೆನ್ನಾಗಿದ್ದರೂ ನಮ್ಮೂರಿನ ಏಪ್ರಿಲ್ ಅದನ್ನು ಕೇಳುವುದಿಲ್ಲ. ಬೆಣ್ಣೆ 32ರಿಂದ 35 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕರಗುತ್ತದೆ; ಅದಕ್ಕೂ ಬಹಳ ಮೊದಲೇ ಎಸಳು ನಿಲ್ಲುವುದನ್ನು ಬಿಡುತ್ತದೆ. (ದೋಸೆಯ ಮೇಲೆ ಬೆಣ್ಣೆ ಕರಗುವುದನ್ನು ಮೆಚ್ಚುವ ಊರಿನಲ್ಲಿ ಕರಗದ ಬೆಣ್ಣೆಯನ್ನು ಬಯಸುವುದೇ ವಿಚಿತ್ರ.) 250 ಗ್ರಾಂ ಉಪ್ಪಿಲ್ಲದ ಬೆಣ್ಣೆಗೆ 500 ಗ್ರಾಂ ಐಸಿಂಗ್ ಶುಗರ್ ಹಾಕಿ, ಹಾಲನ್ನು ಆದಷ್ಟು ದೂರವಿಡುತ್ತೇನೆ. ಪೈಪಿಂಗ್ ಬ್ಯಾಗನ್ನು ಅರ್ಧವಷ್ಟೇ ತುಂಬಿಸಿದರೆ ಅಂಗೈಯ ಬಿಸಿಗೆ ಕ್ರೀಮು ಸಡಿಲವಾಗುವ ಮೊದಲೇ ಮುಗಿಯುತ್ತದೆ. ಈ ಕ್ರೀಮು ಬಹಳ ಸಿಹಿ ಎಂಬುದನ್ನು ಮುಚ್ಚಿಡಲಾರೆ: ವ್ಹಿಪ್ಡ್ ಕ್ರೀಮಿಗೆ ಒಗ್ಗಿದ ನಾಲಿಗೆಯವರು ಹೂವನ್ನು ತಟ್ಟೆಯ ಅಂಚಿಗೆ ಸರಿಸಿ ಕೇಕನ್ನಷ್ಟೇ ತಿನ್ನುತ್ತಾರೆ. ಸ್ವಿಸ್ ಮೆರಿಂಗ್ ಬಟರ್‌ಕ್ರೀಮಿನಲ್ಲಿ ಸಿಹಿ ಕಡಿಮೆಯಾದರೂ ಮೊಟ್ಟೆಯ ಬಿಳಿಯಿರುವುದರಿಂದ ಎಗ್‌ಲೆಸ್ ಕೇಕುಗಳಿಗೆ ಅದು ಸಲ್ಲದು.

ತಿಂಗಳಿಗೊಂದು ಕೇಕಾದರೂ ಮಾಡುವವರು ಈ ಎರಡನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ಹೂವೆತ್ತುವ ಕತ್ತರಿಗೆ ದುಡ್ಡು ಹಾಕುವ ಅಗತ್ಯ ನನಗೆ ಕಾಣಲಿಲ್ಲ. ಕಾಗದದ ಸಮೇತ ಗುಲಾಬಿಯನ್ನು ಫ್ರೀಜರಿನಲ್ಲಿಟ್ಟು ಗಟ್ಟಿಯಾದ ಮೇಲೆ ಸುಲಿದರೆ, ಬರಿಗೈಯಲ್ಲೇ ಎತ್ತಿ ಕೇಕಿನ ಮೇಲೆ ಕೂರಿಸಬಹುದು.